ಕೊಲೆಗೆ ಸಾಕ್ಷಿ ಸಿಗಲಿಲ್ಲ, ಲೆಕ್ಕದ ಪುಸ್ತಕ ಸಿಕ್ಕಿತು

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮೊನ್ನೆ ತೆರಿಗೆಯ ವಿಷಯ ಬಂದಾಗ, ಅಮೆರಿಕದ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಜೈಲಿಗೆ ಹೋಗಿದ್ದು ಕೊಲೆಗಲ್ಲ, ಆದಾಯ ತೆರಿಗೆ ತಪ್ಪಿಸಿದ್ದಕ್ಕೆ ಎಂದು ಹೇಳಿದೆ. ಒಬ್ಬ ಹುಡುಗಿ ಎದ್ದು ನಿಂತು, "ಹಾಗಾದ್ರೆ ಮಿಸ್, ಕೊಲೆಗಿಂತ ತೆರಿಗೆ ತಪ್ಸೋದೇ ದೊಡ್ಡ ತಪ್ಪಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವನ ಮೇಲೆ ಕೊಲೆ ಕೇಸು ಯಾಕೆ ಹಾಕಲಿಲ್ಲ? ಕಳ್ಳದಂಧೆಯ ದುಡ್ಡಿಗೆ ತೆರಿಗೆ ಕೇಳಿದರೆ ಸರ್ಕಾರ ಆ ದಂಧೆಯಲ್ಲಿ ಪಾಲು ಕೇಳಿದ ಹಾಗಲ್ವಾ? ತೆರಿಗೆ ಕಟ್ಟಿಬಿಟ್ಟಿದ್ದರೆ ಅವನು ಆರಾಮಾಗಿ ಓಡಾಡಿಕೊಂಡಿರುತ್ತಿದ್ದನಾ? ಇದೇ ದಾರಿಯಲ್ಲಿ ಸರ್ಕಾರ ತನಗೆ ಬೇಡವಾದ ಯಾರನ್ನಾದರೂ ಹಿಡಿಯಬಹುದಲ್ಲ ಅನ್ನುವ ಭಯವೂ ಇದೆ. ದಯವಿಟ್ಟು ವಿವರವಾಗಿ ಹೇಳಿ.

ಉತ್ತರ: ಮೇಡಂ, ಆ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ನಾನು 25 ವರ್ಷಕ್ಕೂ ಜಾಸ್ತಿ ಕಾಲ ಲೆಕ್ಕಪತ್ರ ತಪಾಸಣೆ ಮಾಡಿದವನು. ಅದರಲ್ಲಿ ಬಹುಪಾಲು ಮೋಸದ ಲೆಕ್ಕಗಳೇ. ಈ ಪ್ರಶ್ನೆ ನನ್ನನ್ನೂ ಕಾಡಿದೆ. ನಿಮ್ಮ ಪತ್ರದಲ್ಲಿ ನನಗೆ ಎರಡು ಆತಂಕ ಕಂಡವು. ದೊಡ್ಡ ತಪ್ಪಿಗೆ ಸಣ್ಣ ಶಿಕ್ಷೆ ಕೊಟ್ಟು ಕೈತೊಳೆದುಕೊಂಡರಾ ಎನ್ನುವುದು ಒಂದು. ಇವತ್ತು ಕಪೋನ್ ಮೇಲೆ ಎತ್ತಿದ ಕತ್ತಿ ನಾಳೆ ಯಾರ ಮೇಲೆ ಎನ್ನುವುದು ಇನ್ನೊಂದು. ಎರಡಕ್ಕೂ ಆಧಾರವಿದೆ. ಸುಮ್ನೆ ಸಮಾಧಾನ ಹೇಳಿ ಮುಗಿಸುವುದಿಲ್ಲ.

ಮೊದಲು ಕೊಲೆಯ ಮಾತು. ಅಮೆರಿಕದಲ್ಲಿ ಕೊಲೆ ಕೇಸು ನಡೆಸುವುದು ಸಾಮಾನ್ಯವಾಗಿ ಆಯಾ ರಾಜ್ಯದ ಹೊಣೆ, ಕೇಂದ್ರ ಸರ್ಕಾರದ್ದಲ್ಲ. ಶಿಕಾಗೋದಲ್ಲಿ ಆಗ ಪೊಲೀಸರಲ್ಲೂ ರಾಜಕಾರಣಿಗಳಲ್ಲೂ ಎಷ್ಟೋ ಮಂದಿ ಗ್ಯಾಂಗುಗಳ ದುಡ್ಡು ತಿಂದಿದ್ದರು. ಕಂಡವರು ಬಾಯಿ ಬಿಡುತ್ತಿರಲಿಲ್ಲ. 1929ರ ಫೆಬ್ರವರಿ 14ರಂದು ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಗುಂಡು ಹೊಡೆದರು. ಎಲ್ಲರೂ ಕಪೋನ್ ಕಡೆಯವರದ್ದೇ ಕೆಲಸ ಅಂದರು. ಆದರೆ ಕಪೋನ್ ಅವತ್ತು ಫ್ಲೋರಿಡಾದಲ್ಲಿದ್ದ. ಗುಂಡು ಹೊಡೆದವರು ಯಾರು, ಅವರಿಗೆ ಹೇಳಿದವರು ಯಾರು, ಹೇಳಿದವರಿಗೆ ಅಪ್ಪಣೆ ಕೊಟ್ಟವರು ಯಾರು, ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕೇಸು ನಿಲ್ಲುವುದಿಲ್ಲ.

ಸಂಘಟಿತ ಅಪರಾಧವನ್ನು ಕಟ್ಟುವುದೇ ಹಾಗೆ. ಮೇಲಿನವನು ಬಂದೂಕು ಮುಟ್ಟುವುದಿಲ್ಲ, ಸರಕು ಹೊರುವುದಿಲ್ಲ, ಕಾಗದಕ್ಕೆ ಸಹಿ ಹಾಕುವುದಿಲ್ಲ. ಅವನಿಗೂ ಅಪರಾಧಕ್ಕೂ ನಡುವೆ ನಾಲ್ಕೈದು ಜನ ಇರುತ್ತಾರೆ. ಆದರೆ ಒಂದನ್ನು ಮಾತ್ರ ಅವನು ದೂರ ಇಡಲಾರ. ಅದು ದುಡ್ಡು. ಅದಕ್ಕಾಗಿಯೇ ತಾನೇ ಅಷ್ಟೆಲ್ಲ ಮಾಡಿದ್ದು? ಅಪರಾಧ ಕೆಳಗೆ ನಡೆಯುತ್ತದೆ, ದುಡ್ಡು ಮೇಲಕ್ಕೆ ಹೋಗುತ್ತದೆ. ಅಪರಾಧದ ಜಾಡು ಹಿಡಿದು ಹೊರಟವರು ಕೆಳಗಿನ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ದುಡ್ಡಿನ ಜಾಡು ಹಿಡಿದವರು ಮೇಲಿನ ಬಾಗಿಲಿಗೆ ಬರುತ್ತಾರೆ. ತೆರಿಗೆ ಕಾಯ್ದೆಯ ಬಲ ಇರುವುದು ಇಲ್ಲೇ.

ಕಪೋನ್‌ನನ್ನು ಹಿಡಿದದ್ದು ಎಲಿಯಟ್ ನೆಸ್ ಅನ್ನುವ ಮಾತು ತುಂಬಾ ಕಡೆ ಓಡಾಡುತ್ತದೆ. ನೆಸ್ ಪಾನನಿಷೇಧ ಇಲಾಖೆಯ ಅಧಿಕಾರಿ. ಕಳ್ಳಭಟ್ಟಿಗಳ ಮೇಲೆ ದಾಳಿ ಮಾಡಿ ಕಪೋನ್‌ಗೆ ನಷ್ಟ ತಂದದ್ದು ನಿಜ. ಮದ್ಯದ ಕಾಯ್ದೆಯಡಿ ಸಾವಿರಾರು ಆರೋಪಗಳೂ ದಾಖಲಾದವು. ಆದರೆ ಅವುಗಳ ವಿಚಾರಣೆ ನಡೆಯಲೇ ಇಲ್ಲ. ಜೈಲಿಗೆ ಕಳಿಸಿದ ಕೇಸನ್ನು ಕಟ್ಟಿದ್ದು ಖಜಾನೆ ಇಲಾಖೆಯ ಗುಪ್ತ ತನಿಖಾ ಘಟಕ. ಅದರ ಮುಖ್ಯಸ್ಥ ಎಲ್ಮರ್ ಐರಿ, ಶಿಕಾಗೋದಲ್ಲಿ ಕೂತು ಕಾಗದ ಕೆದಕಿದವನು ಫ್ರ್ಯಾಂಕ್ ವಿಲ್ಸನ್.

ಆ ಕೇಸಿನ ಜೀವ ಇದ್ದದ್ದು ಒಂದು ಲೆಕ್ಕದ ಪುಸ್ತಕದಲ್ಲಿ. 1926ರ ಏಪ್ರಿಲ್‌ನಲ್ಲಿ ಶಿಕಾಗೋ ಪಕ್ಕದ ಸಿಸಿರೋ ಪಟ್ಟಣದಲ್ಲಿ ಒಬ್ಬ ಸಹಾಯಕ ಸರ್ಕಾರಿ ವಕೀಲನ ಕೊಲೆಯಾಯಿತು. ಅದರ ಬೆನ್ನಲ್ಲೇ ಅಲ್ಲಿನ ಜೂಜಿನ ಅಡ್ಡೆಗಳ ಮೇಲೆ ದಾಳಿಗಳಾದವು. ಸಿಕ್ಕ ಕಾಗದಗಳನ್ನೆಲ್ಲ ತಂದು ಒಂದು ಕಡೆ ಒಟ್ಟಿದರು. ಕೊಲೆಗಾರರು ಸಿಗಲಿಲ್ಲ, ಕಾಗದಗಳ ಮೇಲೆ ಧೂಳು ಕೂತಿತು. ಕೆಲವು ವರ್ಷಗಳ ಮೇಲೆ ವಿಲ್ಸನ್ ಅವುಗಳ ಮಧ್ಯೆ ಒಂದು ಲೆಡ್ಜರ್ ಕಂಡ. ಯಾವ ಆಟದಿಂದ ಎಷ್ಟು ಬಂತು, ನಿವ್ವಳ ಲಾಭ ಎಷ್ಟು, ಯಾರಿಗೆ ಎಷ್ಟು ಪಾಲು ಎಂದು ಅದರಲ್ಲಿ ಬರೆದಿತ್ತು. ಪಾಲುದಾರರ ಪೂರ್ತಿ ಹೆಸರಿಲ್ಲ, ಗುರುತಿನ ಅಕ್ಷರಗಳು ಮಾತ್ರ. ಮುಂದಿನ ಕೆಲಸವೇ ಕಷ್ಟದ್ದು. ಆ ಅಕ್ಷರ ಯಾರ ಕೈಬರಹ ಎಂದು ಹುಡುಕಿದರು. ಲೆಸ್ಲಿ ಶಮ್‌ವೇ ಅನ್ನುವ ಗುಮಾಸ್ತನದ್ದು ಎಂದು ತಿಳಿಯಿತು. ಅವನನ್ನು ಮಯಾಮಿಯಲ್ಲಿ ಪತ್ತೆಹಚ್ಚಿ, ಸಾಕ್ಷಿ ಹೇಳುವಂತೆ ಒಪ್ಪಿಸಿದರು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ತೆರಿಗೆ ಕೇಸಿಗೆ ಕಾಗದ ಸಾಕು, ಸಾಕ್ಷಿ ಬೇಡ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಪುಸ್ತಕ ತಾನಾಗಿ ಮಾತಾಡುವುದಿಲ್ಲ. ಇದು ನಾನು ಬರೆದದ್ದು, ಈ ಅಕ್ಷರ ಇಂಥವರದ್ದು ಎಂದು ಒಬ್ಬ ಮನುಷ್ಯ ಕಟಕಟೆಯಲ್ಲಿ ನಿಂತು ಹೇಳಲೇಬೇಕು. ಭಯ ಅಲ್ಲೂ ಇತ್ತು. ವಿಚಾರಣೆ ಶುರುವಾಗುವ ಹೊತ್ತಿಗೆ ಜ್ಯೂರಿಯವರನ್ನು, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರನ್ನು, ಬುಟ್ಟಿಗೆ ಹಾಕಿಕೊಳ್ಳುವ ಪ್ರಯತ್ನ ನಡೆದಿದೆ ಎಂದು ಗೊತ್ತಾಗಿ, ನ್ಯಾಯಾಧೀಶ ಜೇಮ್ಸ್ ವಿಲ್ಕರ್ಸನ್ ಇಡೀ ಜ್ಯೂರಿ ಪಟ್ಟಿಯನ್ನೇ ಬದಲಾಯಿಸಿದರು. 1931ರ ಅಕ್ಟೋಬರ್ 17ರಂದು ತೀರ್ಪು ಬಂತು. 20ಕ್ಕೂ ಹೆಚ್ಚು ಆರೋಪಗಳಲ್ಲಿ ಐದು ಮಾತ್ರ ನಿಂತವು. ಮೂರು ತೆರಿಗೆ ತಪ್ಪಿಸಿದ್ದಕ್ಕೆ, ಎರಡು ರಿಟರ್ನ್ ಸಲ್ಲಿಸದಿದ್ದಕ್ಕೆ. ಶಿಕ್ಷೆ 11 ವರ್ಷ ಜೈಲು, 50,000 ಡಾಲರ್ ದಂಡ.

ಈಗ ನಿಮ್ಮ ಎರಡನೇ ಪ್ರಶ್ನೆ, ಸರ್ಕಾರ ಪಾಲು ಕೇಳಿದ ಹಾಗಲ್ವಾ ಎನ್ನುವುದು. ಈ ಮುಜುಗರ ಕಾನೂನು ಮಾಡಿದವರಿಗೂ ಇತ್ತು. 1913ರ ಅಮೆರಿಕದ ಆದಾಯ ತೆರಿಗೆ ಕಾಯ್ದೆಯಲ್ಲಿ ‘ಕಾನೂನುಬದ್ಧ’ ವ್ಯವಹಾರದ ಆದಾಯ ಎಂದೇ ಇತ್ತು. ಆಮೇಲೆ ಆ ಪದವನ್ನು ತೆಗೆದರು. ಕಳ್ಳದಂಧೆಯವರ ಮೇಲೆ ಈ ಕಾಯ್ದೆ ಬಳಸಬೇಕು ಎಂದು ಪಟ್ಟು ಹಿಡಿದವರಲ್ಲಿ ಮುಖ್ಯರಾದವರು ಮೇಬಲ್ ವಾಕರ್ ವಿಲ್ಲೆಬ್ರಾಂಟ್, ನ್ಯಾಯ ಇಲಾಖೆಯಲ್ಲಿ ಆಗ ಉನ್ನತ ಹುದ್ದೆಯಲ್ಲಿದ್ದ ಮಹಿಳೆ. ಸುಲ್ಲಿವನ್ ಎಂಬ ಮದ್ಯದ ಕಳ್ಳವ್ಯಾಪಾರಿಯ ಕೇಸು 1927ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ವ್ಯಾಪಾರ ಕಾನೂನಿಗೆ ವಿರುದ್ಧವಾದದ್ದು ಎಂಬ ಕಾರಣಕ್ಕೆ ತೆರಿಗೆಯಿಂದ ವಿನಾಯಿತಿ ಕೊಡಲಾಗದು ಎಂದು ಕೋರ್ಟು ಹೇಳಿತು. ಸ್ವಲ್ಪ ಯೋಚಿಸಿ ನೋಡಿ. ಮರ್ಯಾದೆಯಿಂದ ದುಡಿದವನು ತೆರಿಗೆ ಕಟ್ಟಬೇಕು, ಕಳ್ಳಸಾಗಣೆ ಮಾಡಿದವನು ಕಟ್ಟಬೇಕಾಗಿಲ್ಲ ಅಂದರೆ ಅದು ಕಳ್ಳನಿಗೆ ಕೊಟ್ಟ ಬಹುಮಾನ ಆಗುತ್ತಿತ್ತು. ಇಂದಿಗೂ ಅಮೆರಿಕದ ತೆರಿಗೆ ಇಲಾಖೆಯ ಕೈಪಿಡಿಯಲ್ಲಿ ಮಾದಕ ವಸ್ತು ಮಾರಿ ಬಂದ ಹಣವನ್ನೂ ಆದಾಯವಾಗಿ ತೋರಿಸಬೇಕು ಎಂದು ಬರೆದಿದೆ.

ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಹಣ ಬಿಳಿಯಾಗುವುದಿಲ್ಲ. ತೆರಿಗೆ ರಸೀದಿ ಅಪರಾಧಕ್ಕೆ ಕ್ಷಮಾಪತ್ರ ಅಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕಂದರೆ ಓದಿದವರೂ ಇಲ್ಲಿ ಎಡವುತ್ತಾರೆ.

ಹಾಗಾದರೆ ದಂಧೆಯ ಖರ್ಚು ಕಳೆಯಬಹುದಾ ಅಂತ ಕೇಳಬಹುದು. ಅದೂ ಕೋರ್ಟಿಗೆ ಹೋಗಿದೆ. 1981ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ ಒಬ್ಬ ಮಾದಕ ವಸ್ತು ಮಾರಾಟಗಾರನಿಗೆ ತಕ್ಕಡಿ, ಫೋನು, ಓಡಾಟದಂಥ ಖರ್ಚುಗಳನ್ನು ಆದಾಯದಿಂದ ಕಳೆಯಲು ಬಿಟ್ಟಿತು. ಮರುವರ್ಷವೇ ಸಂಸತ್ತು ಕಾನೂನು ತಂದು ಅದನ್ನು ನಿಲ್ಲಿಸಿತು. ಭಾರತದ ಸುಪ್ರೀಂ ಕೋರ್ಟ್ ಕೂಡ 1980ರಲ್ಲಿ, ನೋಟುಗಳನ್ನು ಗಡಿಯಾಚೆ ಸಾಗಿಸುವಾಗ ಸಿಕ್ಕಿಬಿದ್ದವನ ಹಣ ಜಪ್ತಿಯಾದಾಗ ಅದನ್ನು ಅವನ ವ್ಯವಹಾರದ ನಷ್ಟ ಎಂದೇ ಒಪ್ಪಿತ್ತು. ಕಿರಿಕಿರಿ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸಿತ್ತು. ಆದರೆ ತೆರಿಗೆ ಕಾಯ್ದೆ ಕೇಳುವುದು ಗಳಿಕೆ ಎಷ್ಟು ಎಂದು ಮಾತ್ರ. ಒಳ್ಳೆಯದು ಕೆಟ್ಟದ್ದು ತೀರ್ಮಾನಿಸುವ ಕೆಲಸ ಬೇರೆ ಕಾನೂನುಗಳದ್ದು.

ತೆರಿಗೆ ಕಟ್ಟಿಬಿಟ್ಟಿದ್ದರೆ? ಈ ಕೇಸಿನಿಂದ ಬಹುಶಃ ತಪ್ಪಿಸಿಕೊಳ್ಳುತ್ತಿದ್ದ. ಆದರೆ ಕಟ್ಟುವುದು ಅಷ್ಟು ಸುಲಭ ಇರಲಿಲ್ಲ. ದುಡ್ಡು ಎಲ್ಲಿಂದ ಬಂತು ಎಂದು ಬರೆದರೆ ದಂಧೆ ಒಪ್ಪಿಕೊಂಡ ಹಾಗೆ, ಸುಳ್ಳು ಬರೆದರೆ ಅದೇ ಇನ್ನೊಂದು ಅಪರಾಧ, ಏನೂ ಬರೆಯದಿದ್ದರೆ ರಿಟರ್ನ್ ಸಲ್ಲಿಸದ ಅಪರಾಧ. ಕಪೋನ್ ಒಮ್ಮೆ ವಕೀಲನ ಮೂಲಕ ರಾಜಿಗೆ ಪ್ರಯತ್ನ ಮಾಡಿದ. ವಕೀಲ ಬರೆದುಕೊಟ್ಟ ಪತ್ರದಲ್ಲಿ ತನ್ನ ಕಕ್ಷಿದಾರನಿಗೆ ಆದಾಯ ಇತ್ತು ಎಂದು ಒಪ್ಪಿಕೊಂಡಿದ್ದ. ಆ ಪತ್ರವೇ ಕೋರ್ಟಿನಲ್ಲಿ ಕಪೋನ್ ವಿರುದ್ಧ ಸಾಕ್ಷಿಯಾಯಿತು.

ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಾಗಿಲ್ಲ ಅನ್ನುವ ಹಕ್ಕು ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ಇಲ್ಲಿ ಕೋರ್ಟುಗಳು ತುಂಬಾ ಎಚ್ಚರದಿಂದ ಗೆರೆ ಎಳೆದಿವೆ. ಇಡೀ ರಿಟರ್ನನ್ನೇ ಸಲ್ಲಿಸದೆ ಕೂರುವ ಹಾಗಿಲ್ಲ, ಆದರೆ ಯಾವುದಾದರೂ ಒಂದು ಪ್ರಶ್ನೆಗೆ ಉತ್ತರಿಸುವುದಿಲ್ಲ ಎಂದು ರಿಟರ್ನಿನಲ್ಲೇ ಹಕ್ಕು ಕೇಳಬಹುದು. ಒಬ್ಬ ತನ್ನ ಉದ್ಯೋಗದ ಮುಂದೆ ‘ವೃತ್ತಿಪರ ಜೂಜುಗಾರ’ ಎಂದು ತಾನಾಗಿಯೇ ಬರೆದಿದ್ದ. ಅದನ್ನು ಜೂಜಿನ ಕೇಸಿನಲ್ಲಿ ಅವನ ವಿರುದ್ಧ ಬಳಸಿದ್ದು ಸರಿ ಎಂದು 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅದೇ ಕೋರ್ಟು 1968ರಲ್ಲಿ ಇನ್ನೊಂದು ಕಡೆಯಿಂದ ತಡೆದಿತ್ತು. ಬೆಟ್ಟಿಂಗ್ ದಂಧೆಯವರು ಹೆಸರು ನೋಂದಾಯಿಸಿ ವಿಶೇಷ ತೆರಿಗೆ ಕಟ್ಟಬೇಕು ಎಂಬ ಕಾಯ್ದೆ ಇತ್ತು. ನೋಂದಾಯಿಸಿದರೆ ಪೊಲೀಸರಿಗೆ ವಿಳಾಸ ಕೊಟ್ಟ ಹಾಗೆ. ಹಾಗೆ ನೋಂದಾಯಿಸದವನನ್ನು ಶಿಕ್ಷಿಸುವಂತಿಲ್ಲ ಎಂದಿತು ಕೋರ್ಟು. ಎಲ್ಲರಿಗೂ ಇರುವ ತೆರಿಗೆ ಒಂದು, ಅಪರಾಧಿಗಳಿಗೆಂದೇ ಹೆಣೆದ ಬಲೆ ಇನ್ನೊಂದು. ಈ ವ್ಯತ್ಯಾಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ.

ನನ್ನ ಕೆಲಸದ ಒಂದು ಅನುಭವ ಹೇಳುತ್ತೇನೆ. ಒಮ್ಮೆ ನನ್ನ ಮುಂದೆ ಒಂದು ದಿನವಹಿ ಪುಸ್ತಕ ಇಟ್ಟರು. ಇಡೀ ವರ್ಷದ ಲೆಕ್ಕ. ಮೊತ್ತಗಳೆಲ್ಲ ಸರಿಯಾಗಿದ್ದವು, ಕೂಡಿದ್ದು ಕಳೆದದ್ದು ತಾಳೆಯಾಗುತ್ತಿತ್ತು. ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಒಂದೇ ಪೆನ್ನು, ಒಂದೇ ಬಣ್ಣ, ಒಂದೇ ಒತ್ತಡ. ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ, ಮೂಲೆಯಲ್ಲಿ ಬೆರಳಿನ ಕಲೆಯೂ ಇಲ್ಲ. ದಿನಾ ಬರೆಯುವ ಪುಸ್ತಕ ಹಾಗಿರುವುದಿಲ್ಲ. ಅದನ್ನು ಒಂದೆರಡು ದಿನ ಕೂತು ಬರೆದಿದ್ದರು. ನಿಜವಾದ ಪುಸ್ತಕ ಬೇರೆ ಕಡೆ ಇತ್ತು. ಲೆಕ್ಕದಲ್ಲಿ ತಪ್ಪಾಗುವುದು ಬೇರೆ, ಎರಡು ಪುಸ್ತಕ ಇಡುವುದು ಬೇರೆ. 1943ರ ಒಂದು ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ತೆರಿಗೆ ಕಟ್ಟದೆ ಸುಮ್ಮನಿದ್ದರೆ ಸಾಲದು, ತಪ್ಪಿಸಲೆಂದು ಬೇಕೆಂದೇ ಏನಾದರೂ ಮಾಡಿರಬೇಕು, ಆಗ ಮಾತ್ರ ಅದು ದೊಡ್ಡ ಅಪರಾಧ.

ಪುಸ್ತಕವೇ ಸಿಗದಿದ್ದರೆ? ಆಗ ಬದುಕಿನಿಂದ ಲೆಕ್ಕ ತೆಗೆಯುತ್ತಾರೆ. ವರ್ಷದ ಮೊದಲ ದಿನ ಒಬ್ಬನ ಆಸ್ತಿ, ಸಾಲ ಕಳೆದು, 10 ಲಕ್ಷ ಎನ್ನಿ. ಕೊನೆಯ ದಿನ 50 ಲಕ್ಷ. ನಡುವೆ ಮನೆ, ಓಡಾಟ, ಬಟ್ಟೆ ಎಂದು 20 ಲಕ್ಷ ಖರ್ಚು ಮಾಡಿದ್ದಾನೆ. ಅಂದರೆ 60 ಲಕ್ಷ ಎಲ್ಲಿಂದಲೋ ಬಂದಿದೆ. ರಿಟರ್ನಿನಲ್ಲಿ 5 ಲಕ್ಷ ತೋರಿಸಿದ್ದರೆ ಉಳಿದ 55ಕ್ಕೆ ಉತ್ತರ ಬೇಕು. ಕಪೋನ್ ವಿಚಾರಣೆಯಲ್ಲಿ ದರ್ಜಿಗಳು, ಪೀಠೋಪಕರಣ ಮಾರಿದವರು ಬಂದು ಅವನು ಎಷ್ಟೆಷ್ಟು ಕೊಟ್ಟ ಎಂದು ಹೇಳಿದರು. ಗೆಳೆಯರಿಗೆ ಹಂಚಲು ಕೊಂಡ ವಜ್ರದ ಬೆಲ್ಟ್ ಬಕಲ್‌ಗಳ ಲೆಕ್ಕವೂ ಬಂತು. ಅಟ್ಲಾಂಟಿಕ್ ಸಿಟಿಯಲ್ಲಿ ನಕಿ ಜಾನ್ಸನ್ ಎಂಬ ರಾಜಕೀಯ ದೊರೆಯ ಸುತ್ತ ತನಿಖೆ ನಡೆದಾಗ, ವೇಶ್ಯಾಗೃಹಗಳ ಗಳಿಕೆ ತಿಳಿಯಲು ಅಧಿಕಾರಿಗಳು ಲಾಂಡ್ರಿಗೆ ಹೋದ ಟವೆಲ್‌ಗಳನ್ನು ಎಣಿಸಿದರು. ಜಾನ್ಸನ್‌ಗೆ 1941ರಲ್ಲಿ ಶಿಕ್ಷೆಯಾಯಿತು.

ಈ ವಿಧಾನದಲ್ಲಿ ಅಪಾಯವೂ ಇದೆ. ಆರಂಭದ ಆಸ್ತಿಯನ್ನು ಕಡಿಮೆ ಹಿಡಿದರೆ ನಿರಪರಾಧಿಯೂ ಕಳ್ಳನಂತೆ ಕಾಣುತ್ತಾನೆ. ಹಳೆಯ ಉಳಿತಾಯ ಇದ್ದಿರಬಹುದು, ಯಾರೋ ಉಡುಗೊರೆ ಕೊಟ್ಟಿರಬಹುದು. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ವಿಧಾನವನ್ನು ಒಪ್ಪುತ್ತಲೇ ಕಟ್ಟುನಿಟ್ಟು ಮಾಡಿತು. ಆರಂಭದ ಲೆಕ್ಕ ಗಟ್ಟಿಯಾಗಿರಬೇಕು. ಆರೋಪಿ ಕೊಟ್ಟ ನಂಬುವಂಥ ವಿವರಣೆಯನ್ನು ತನಿಖೆ ಮಾಡಲೇಬೇಕು. ನಾನು ಜತೆಗೆ ಕೆಲಸ ಮಾಡಿದ ತನಿಖಾಧಿಕಾರಿಗಳಲ್ಲಿ ಒಳ್ಳೆಯವರು ಆರೋಪಿಯ ಪರವಾಗಿ ತಾವೇ ಪ್ರಶ್ನೆ ಹಾಕಿಕೊಳ್ಳುತ್ತಿದ್ದರು. ಅವಸರದವರು ಅದನ್ನು ಬಿಟ್ಟುಬಿಡುತ್ತಿದ್ದರು, ಅವರ ಕೇಸುಗಳೇ ಬೀಳುತ್ತಿದ್ದವು.

ಇದು ಬೀಳದ ಅಸ್ತ್ರ ಅಂತಲೂ ತಿಳಿಯಬೇಡಿ. ನ್ಯೂಯಾರ್ಕಿನ ಗ್ಯಾಂಗ್‌ಸ್ಟರ್ ವ್ಯಾಕ್ಸಿ ಗಾರ್ಡನ್‌ಗೆ 1933ರಲ್ಲಿ ತೆರಿಗೆ ಕೇಸಿನಲ್ಲಿ 10 ವರ್ಷ ಶಿಕ್ಷೆಯಾಯಿತು. ಆದರೆ ಅಲ್ಲಿನದೇ ಇನ್ನೊಬ್ಬ ಗ್ಯಾಂಗ್‌ಸ್ಟರ್ ಡಚ್ ಶುಲ್ಟ್ಜ್ ವಿಷಯದಲ್ಲಿ ಮೊದಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. 1935ರಲ್ಲಿ ಎರಡನೇ ವಿಚಾರಣೆ ಮಲೋನ್ ಎಂಬ ಸಣ್ಣ ಊರಿನಲ್ಲಿ ನಡೆಯಿತು. ಶುಲ್ಟ್ಜ್ ಊರಿನವರ ಮನಸ್ಸು ಗೆದ್ದು ಖುಲಾಸೆಯಾಗಿ ಹೊರಬಂದ.

ಇನ್ನು ನಿಮ್ಮ ಭಯ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಯಾರ ಲೆಕ್ಕವನ್ನು ಹುಡುಕಿದರೂ ಏನಾದರೂ ಒಂದು ಕೊರತೆ ಸಿಗುತ್ತದೆ. ಮೊದಲು ಮನುಷ್ಯನನ್ನು ಆರಿಸಿ ಆಮೇಲೆ ತಪ್ಪು ಹುಡುಕುವುದು ಶುರುವಾದರೆ ತೆರಿಗೆ ಇಲಾಖೆ ಸೇಡಿನ ಸಾಧನವಾಗುತ್ತದೆ. ಅಮೆರಿಕದಲ್ಲೇ ಅಧ್ಯಕ್ಷ ನಿಕ್ಸನ್ ವಿರುದ್ಧ 1974ರಲ್ಲಿ ಸಂಸದೀಯ ಸಮಿತಿ ಒಪ್ಪಿದ ದೋಷಾರೋಪಗಳಲ್ಲಿ ತೆರಿಗೆ ಇಲಾಖೆಯನ್ನು ಎದುರಾಳಿಗಳ ಮೇಲೆ ಬಳಸಲು ಯತ್ನಿಸಿದ್ದೂ ಸೇರಿತ್ತು. 1976ರಲ್ಲಿ ಕಾನೂನು ಬಿಗಿ ಮಾಡಿ, ತೆರಿಗೆ ಮಾಹಿತಿಯನ್ನು ಬೇರೆ ಇಲಾಖೆಗಳು ಸುಲಭವಾಗಿ ಪಡೆಯದ ಹಾಗೆ ಮಾಡಿದರು. ಇದರಿಂದ ಗ್ಯಾಂಗುಗಳ ತನಿಖೆ ನಿಧಾನವಾಗುತ್ತದೆ ಎಂದು ಪೊಲೀಸರ ದೂರು. ಆಗಲಿ ಅನ್ನುತ್ತೇನೆ ನಾನು. ಆ ಅಡ್ಡಿ ಇರಲೇಬೇಕು.

ಬೇರೆ ದಾರಿಗಳು ಇಲ್ಲವಾ ಎಂದರೆ, ಇವೆ. ಅಮೆರಿಕ 1970ರಲ್ಲಿ ರಿಕೋ ಎಂಬ ಕಾಯ್ದೆ ತಂದಿತು. ಬಿಡಿ ಬಿಡಿ ಅಪರಾಧಗಳನ್ನು ಒಂದೇ ಸಂಘಟನೆಯ ಕೆಲಸ ಎಂದು ಜೋಡಿಸಿ, ಮೇಲಿನವನನ್ನೂ ಹೊಣೆ ಮಾಡಬಹುದು. ಕೊಲೆಯನ್ನು ಕೊಲೆ ಎಂದೇ ಕೋರ್ಟಿನ ಮುಂದಿಡಲು ಅದು ಒಳ್ಳೆಯ ದಾರಿ. ಆದರೆ ಒಳಗಿನವರ ಸಾಕ್ಷಿ ಇಲ್ಲದೆ ಕಷ್ಟ. ಆ ಸಾಕ್ಷಿಗಳು ಸಾಮಾನ್ಯವಾಗಿ ತಾವೇ ಅಪರಾಧಿಗಳು, ಶಿಕ್ಷೆ ಕಡಿಮೆಯಾಗಲಿ ಎಂದು ಹೇಳುವವರು. ಐರ್ಲೆಂಡಿನಲ್ಲಿ 1996ರ ಜೂನ್‌ನಲ್ಲಿ ವೆರೋನಿಕಾ ಗೆರಿನ್ ಎಂಬ ಪತ್ರಕರ್ತೆಯನ್ನು ಗುಂಡಿಟ್ಟು ಕೊಂದ ಮೇಲೆ, ಅದೇ ವರ್ಷ ಒಂದು ವಿಶೇಷ ದಳ ಕಟ್ಟಿದರು. ಪೊಲೀಸರು, ತೆರಿಗೆಯವರು, ಸಮಾಜ ಕಲ್ಯಾಣದವರು ಒಂದೇ ಕಡೆ ಕೂತು ಕೆಲಸ ಮಾಡುತ್ತಾರೆ. ಅಲ್ಲಿ ಜೈಲಿಗಿಂತ ಜಾಸ್ತಿ ಒತ್ತು ಆಸ್ತಿ ಕಿತ್ತುಕೊಳ್ಳುವುದಕ್ಕೆ, ತೆರಿಗೆ ಹೇರುವುದಕ್ಕೆ. ಇಂಥದ್ದು ಸಿವಿಲ್ ದಾರಿ, ಪುರಾವೆಯ ಮಟ್ಟ ಕ್ರಿಮಿನಲ್ ಕೇಸಿಗಿಂತ ಕಡಿಮೆ ಸಾಕು. ಬೇಗ ಫಲ ಸಿಗುತ್ತದೆ, ನಿಜ. ಆದರೆ ಪುರಾವೆ ಸಡಿಲವಾದಷ್ಟೂ ತಪ್ಪು ಮನುಷ್ಯನಿಗೆ ಪೆಟ್ಟು ಬೀಳುವ ಸಂಭವವೂ ಹೆಚ್ಚು. ಜಪಾನಿನಲ್ಲಿ 2018ರಲ್ಲಿ ಫುಕುವೋಕಾ ಕೋರ್ಟು, ಕುಡೋಕೈ ಎಂಬ ಗ್ಯಾಂಗಿನ ಮುಖ್ಯಸ್ಥನಿಗೆ ಕೆಳಗಿನವರು ಒಪ್ಪಿಸುತ್ತಿದ್ದ ಕಪ್ಪಕಾಣಿಕೆಯಲ್ಲಿ ಅವನ ಪಾಲು ಅವನ ಸ್ವಂತ ಆದಾಯವೇ ಎಂದು ಹೇಳಿ, ತೆರಿಗೆ ತಪ್ಪಿಸಿದ್ದಕ್ಕೆ 3 ವರ್ಷ ಶಿಕ್ಷೆ ಕೊಟ್ಟಿತು. ಕಪೋನ್ ಕಾಲದ ವಿದ್ಯೆ ಇನ್ನೂ ಹಳತಾಗಿಲ್ಲ.

ನನ್ನನ್ನು ಕೇಳಿದರೆ, ಅಪರಾಧ ನಡೆದಿದೆ ಎಂಬುದಕ್ಕೆ ಮೊದಲೇ ಗಟ್ಟಿ ಆಧಾರ ಇರಬೇಕು, ಅಲ್ಲಿಂದ ದುಡ್ಡಿನ ಹಿಂದೆ ಹೋಗಬೇಕು. ಆ ಕ್ರಮದಲ್ಲಿ ಬಂದ ತೆರಿಗೆ ಕೇಸು ನ್ಯಾಯದ ಕೇಸೇ. ಅದು ನೆಪವಲ್ಲ, ಏಕೆಂದರೆ ತೆರಿಗೆ ತಪ್ಪಿಸಿದ್ದು ನಿಜವಾಗಿಯೂ ನಡೆದ ಅಪರಾಧ. ಆದರೆ ಅದು ಕೊಲೆ ಕೇಸಿನ ಜಾಗ ತುಂಬುವುದಿಲ್ಲ. ಸತ್ತವರ ಹೆಸರು ಆ ತೀರ್ಪಿನಲ್ಲಿ ಇರುವುದಿಲ್ಲ.

ಆ ಹುಡುಗಿಗೆ ಹೀಗೆ ಹೇಳಿ, ಮೇಡಂ. ಕೊಲೆಯೇ ದೊಡ್ಡ ತಪ್ಪು. ಕೋರ್ಟು ಶಿಕ್ಷೆ ಕೊಡುವುದು ತಪ್ಪು ಎಷ್ಟು ದೊಡ್ಡದು ಎಂಬುದನ್ನು ನೋಡಿ ಮಾತ್ರ ಅಲ್ಲ, ಯಾವುದು ಸಾಬೀತಾಯಿತು ಎಂದು ನೋಡಿ. ಕಪೋನ್ ವಿಷಯದಲ್ಲಿ ಸಾಬೀತಾದದ್ದು ಲೆಕ್ಕದ ಪುಸ್ತಕ. ಗ್ಯಾರೇಜಿನ ಗೋಡೆಯ ಮುಂದೆ ಸತ್ತ ಆ ಏಳು ಜನರ ಕೊಲೆಗೆ ಯಾರಿಗೂ ಶಿಕ್ಷೆಯಾಗಲೇ ಇಲ್ಲ. ಅದನ್ನೂ ಅವಳಿಗೆ ಹೇಳಿ.